ಹಂಪಿಯ ನಕ್ಷೆ ಏನನ್ನು ಕಾಯುತ್ತಿದೆ?

ಪರಂಪರೆಯ ರಕ್ಷಣೆಯನ್ನು ಊರಿನ ಭೂಬಳಕೆ ಯೋಜನೆಯೊಳಗೆ ತಂದು ಕೂರಿಸುವ ಪ್ರಯತ್ನ ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿರುವುದು ಹಂಪಿಯಲ್ಲಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣಕ್ಕೆ 2002ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ತುಂಗಭದ್ರೆಯ ಎರಡೂ ದಡಗಳ ಸುಮಾರು 236 ಚದರ ಕಿಲೊಮೀಟರ್ ನೆಲ ಒಂದೇ ಪ್ರಾಧಿಕಾರದ ಕೆಳಗೆ ಬಂತು. ಇದರಲ್ಲಿ ಸುಮಾರು 42 ಚದರ ಕಿಲೊಮೀಟರ್ ಕೋರ್ ವಲಯ. ಹೊಳೆಯ ಆಚೆಗೊಂದು ಜಿಲ್ಲೆ, ಈಚೆಗೊಂದು ಜಿಲ್ಲೆ ಎಂದು ಹಂಚಿಹೋಗಿದ್ದ ಭೂದೃಶ್ಯವನ್ನು ಆಡಳಿತ ಒಂದಾಗಿ ನೋಡಿದ್ದು ಸಣ್ಣ ಸಾಧನೆಯಲ್ಲ. ಆದರೆ ನಕ್ಷೆ ಬರೆದವರು ಪರಂಪರೆ ಎಂದು ಯಾವುದನ್ನು ಗುರುತಿಸಿದರು, ಗೆರೆ ಎಳೆಯುವ ಮೊದಲು ಯಾರನ್ನು ಕೇಳಿದರು ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟರೆ ಆ ಸಾಧನೆಯ ಮಿತಿ ಗೊತ್ತಾಗುತ್ತದೆ. ಹಂಪಿಯ ಯೋಜನೆ ಕಲ್ಲನ್ನು ಕಾಯುವುದರಲ್ಲಿ ಬಹುಮಟ್ಟಿಗೆ ಗೆದ್ದಿದೆ. ಆ ಕಲ್ಲಿಗೆ ಅರ್ಥ ಕೊಡುವ ಬದುಕನ್ನು ಕಾಯುವ ವಿಧಾನ ಅದಕ್ಕೆ ಇನ್ನೂ ಸಿಕ್ಕಿಲ್ಲ.

ಹಂಪಿ ಬರೀ ಸ್ಮಾರಕಗಳ ಗುಂಪಲ್ಲ. ಹೆಬ್ಬಂಡೆಗಳ ಗುಡ್ಡಗಳ ನಡುವೆ ಭತ್ತ, ಬಾಳೆ ಬೆಳೆಯುವ ಹಸಿರು ಪಟ್ಟಿಗಳಿಗೆ ಇಂದಿಗೂ ನೀರು ಬರುವುದು ವಿಜಯನಗರದ ಕಾಲದಿಂದ ಉಳಿದುಬಂದ ತುರ್ತು ಕಾಲುವೆಯಂಥ ಕಾಲುವೆಗಳಿಂದ. ಚೈತ್ರದಲ್ಲಿ ತೇರು ಎಳೆಯುವುದು ವಿರೂಪಾಕ್ಷನ ಗುಡಿಯ ಮುಂದಿನ ಅದೇ ರಥಬೀದಿಯಲ್ಲಿ. ಪಂಪಾಂಬೆಯ ನಿಶ್ಚಿತಾರ್ಥವಾದ ಫಲಪೂಜೆ ಈಗಲೂ ಊರಿನ ಹಬ್ಬ. ಮಾತಂಗ, ಹೇಮಕೂಟ, ಹೊಳೆಯಾಚೆಯ ಅಂಜನಾದ್ರಿ, ಪಂಪಾಸರೋವರಗಳನ್ನು ಜನ ರಾಮಾಯಣದ ಕಥೆಯೊಡನೆ ಹೊಂದಿಸಿಕೊಂಡು ನಡೆಯುತ್ತಾರೆ. ಇಲ್ಲಿ ಬಂಡೆ ಒಡೆದರೆ ನೋಟದ ಜೊತೆಗೆ ಕಥೆಯೂ ಹಾಳಾಗುತ್ತದೆ. ಕಾಲುವೆ ಬತ್ತಿದರೆ ಬೆಳೆಯ ಜೊತೆಗೆ ಇತಿಹಾಸದ ಜೀವಂತ ಸಾಕ್ಷಿಯೂ ಹೋಗುತ್ತದೆ. ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯ ನಳಿನಿ ಠಾಕೂರ್ ಅವರ ನೇತೃತ್ವದಲ್ಲಿ ತಯಾರಾದ ಸಮಗ್ರ ನಿರ್ವಹಣಾ ಯೋಜನೆ ಇದನ್ನು ಸರಿಯಾಗಿಯೇ ಗ್ರಹಿಸಿತ್ತು. ಆ ತಿಳಿವಳಿಕೆ ಮಾತ್ರ ಕಾಗದದಿಂದ ನೆಲಕ್ಕೆ ಇಳಿಯಲಿಲ್ಲ.

2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಜೆಸಿಬಿ ತಂದು ಕೆಡವಿದ್ದು ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿದ್ದವರು ಒತ್ತುವರಿದಾರರು, ಸಾಲುಮಂಟಪಗಳಿಗೆ ಗೋಡೆ ಕಟ್ಟಿ, ಸಿಮೆಂಟು ಮೆತ್ತಿ ಹಾಳು ಮಾಡಿದ್ದರು ಎಂಬ ವಾದವಿದೆ. ಅದರಲ್ಲಿ ಸತ್ಯವೂ ಇದೆ. ಆದರೆ ಆ ಬೀದಿಯನ್ನು ಕಟ್ಟಿದ್ದೇ ವ್ಯಾಪಾರಕ್ಕೆ. ಗುಡಿ, ತೇರು, ಯಾತ್ರಿಕ, ಅಂಗಡಿ ಎಂಬ ಸಂಬಂಧವೇ ಅದರ ಚರಿತ್ರೆ. ಕಟ್ಟಡಕ್ಕೆ ಹಾನಿ ಮಾಡುವುದನ್ನು ತಡೆಯಲು ನಿಯಮ ಬೇಕಿತ್ತು: ಕಾಂಕ್ರೀಟು ಕೂಡದು, ಕಂಬ ಮುಟ್ಟಕೂಡದು, ಇಷ್ಟೇ ಅಂಗಡಿ, ಇಷ್ಟೇ ಹೊತ್ತು ಎನ್ನಬಹುದಿತ್ತು. ಅದರ ಬದಲು ಬೀದಿಯನ್ನೇ ಬರಿದು ಮಾಡಿ, ನೂರಾರು ಕುಟುಂಬಗಳನ್ನು ಕಡ್ಡಿರಾಂಪುರದ ಕಡೆಗೆ ಕಳುಹಿಸಲಾಯಿತು. ಹೀಗೆ ಬಜಾರಿನ ಕಂಬಗಳು ಉಳಿದವು, ಬಜಾರು ಹೋಯಿತು.

ಕಟ್ಟುನಿಟ್ಟಿನ ಗೆರೆ ಇಲ್ಲದಿದ್ದರೆ ಹಂಪಿ ರೆಸಾರ್ಟುಗಳ ಪಾಲಾಗುತ್ತಿತ್ತು ಎಂಬುದು ಎದುರು ಪಕ್ಷದ ಗಟ್ಟಿ ವಾದ. ಅವರು ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಯನ್ನು ತೋರಿಸುತ್ತಾರೆ. ಆ ಪ್ರದೇಶ 1988ರ ಅಧಿಸೂಚನೆಯ ರಕ್ಷಣೆಗೆ ಒಳಪಟ್ಟಿತ್ತು. ಅಲ್ಲಿನ ರೆಸಾರ್ಟುಗಳ ತೆರವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ತೀರ್ಪು ಬೇಕಾದದ್ದೇ. ಆದರೆ ಅಧಿಸೂಚನೆಗೂ ತೀರ್ಪಿಗೂ ನಡುವೆ 30 ವರ್ಷ ದಾಟಿರುವುದನ್ನು ಮರೆಯಬಾರದು. ಅಷ್ಟು ಕಾಲ ಗೆರೆ ಕಡತದಲ್ಲಿತ್ತು, ಕಟ್ಟಡಗಳು ನೆಲದ ಮೇಲೆ ಏಳುತ್ತಿದ್ದವು. ಪ್ರವಾಸಿಗರು ಬರುತ್ತಲೇ ಇರುವಾಗ, ಅವರಿಂದ ಊರವರು ಕಾನೂನುಬದ್ಧವಾಗಿ ಎಲ್ಲಿ, ಹೇಗೆ ಸಂಪಾದಿಸಬಹುದು ಎಂದು ಹೇಳದ ಯೋಜನೆ ಅಕ್ರಮವನ್ನು ತಾನೇ ಬಿತ್ತುತ್ತದೆ. ಆನೆಗೊಂದಿ ಸೇತುವೆಯ ಕಥೆಯೂ ಇದೇ. ಹಂಪಿಯನ್ನು 1999ರಲ್ಲಿ ಯುನೆಸ್ಕೊದ ಅಪಾಯದ ಪಟ್ಟಿಗೆ ತಳ್ಳಿದ್ದು ಸೇತುವೆ ಕಾಮಗಾರಿಗಳೇ. 2006ರಲ್ಲಿ ಆ ಪಟ್ಟಿಯಿಂದ ಹೊರಬಂದ ಮೇಲೆ, 2009ರಲ್ಲಿ ಆನೆಗೊಂದಿಯ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದ ಜನರಿಗೆ ದಾರಿ ಬೇಕಿದ್ದುದು ನಿಜ. ಕೊನೆಗೆ ಬುಕ್ಕಸಾಗರ–ಕಡೆಬಾಗಿಲು ನಡುವೆ ಸೇತುವೆ ಬಂತು. ಜನರ ಅಗತ್ಯ, ತಾಣದ ನೋಟ ಎರಡನ್ನೂ ಮೊದಲೇ ಒಟ್ಟಿಗಿಟ್ಟು ಯೋಚಿಸಿದ್ದರೆ ಜಾಗ ಆಗಲೇ ಸಿಗುತ್ತಿತ್ತು.

ಬೇರೆ ದಾರಿ ಇದೆಯೇ ಎಂದರೆ, ಅದೂ ಕರ್ನಾಟಕದಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಆದಿವಾಸಿ ಸೋಲಿಗರು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಜೊತೆಗೂಡಿ ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ಜಾಗಗಳನ್ನೂ ಕುಲಕುಲದ ನೆಲೆಗಳಾದ ಯೆಲ್ಲೆಗಳನ್ನೂ ತಾವೇ ನಡೆದು ಗುರುತಿಸಿ ನಕ್ಷೆ ಮಾಡಿಸಿದರು. 2011ರ ಆರಂಭದಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಅವರ ಸಮುದಾಯ ಹಕ್ಕುಗಳಿಗೂ ಮನ್ನಣೆ ಸಿಕ್ಕಿತು. ಇಲ್ಲಿ ಏನನ್ನು ಕಾಯಬೇಕು ಎಂಬ ಪಟ್ಟಿ ಬಂದದ್ದು ಕಾಡಿನಲ್ಲಿ ಬದುಕುವವರಿಂದ. 2006ರ ಆ ಕಾಯ್ದೆ ಹಕ್ಕಿನ ಜೊತೆಗೆ ಹೊಣೆಯನ್ನೂ ಕೊಡುತ್ತದೆ: ತಮ್ಮ ಸಾಂಸ್ಕೃತಿಕ, ನೈಸರ್ಗಿಕ ಪರಂಪರೆಗೆ ಹಾನಿಯಾಗದಂತೆ ಗ್ರಾಮಸಭೆ ನೋಡಿಕೊಳ್ಳಬೇಕು. ನಮ್ಮ ನಗರ ಮತ್ತು ಗ್ರಾಮಾಂತರ ಯೋಜನಾ ಪದ್ಧತಿಯಲ್ಲಾದರೋ ಜನರ ಸರದಿ ಬರುವುದು ಕರಡು ನಕ್ಷೆ ಸಿದ್ಧವಾದ ಮೇಲೆ, ಆಕ್ಷೇಪಣೆ ಸಲ್ಲಿಸುವವರಾಗಿ.

ಊರವರ ಕೈಗೆ ಅಧಿಕಾರ ಕೊಟ್ಟರೆ ದುಡ್ಡಿಗೆ ನೆಲ ಮಾರಿಬಿಡುತ್ತಾರೆ ಎಂಬ ಅನುಮಾನ ಉಳಿಯುತ್ತದೆ. ಕೆಲವರು ಮಾರಬಹುದು. ಆದರೆ ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2013ರಲ್ಲಿ ಕೇಳಿದಾಗ 12 ಗ್ರಾಮಸಭೆಗಳೂ ಬಾಕ್ಸೈಟ್ ಗಣಿ ಬೇಡವೆಂದವು. ಹಂಪಿಯ ಸುತ್ತಲ ಹಳ್ಳಿಗಳು ಆದಿವಾಸಿ ಹಳ್ಳಿಗಳಲ್ಲ, ಅಲ್ಲಿ ನೆಲದ ಬೆಲೆಯ ಒತ್ತಡವೂ ಹೆಚ್ಚು. ಹಾಗಾಗಿ ಗ್ರಾಮಸಭೆಯೊಂದೇ ಸಾಲದು, ಪ್ರಾಧಿಕಾರದ ತಡೆಯುವ ಅಧಿಕಾರವೂ ಪುರಾತತ್ವ ಕಾನೂನಿನ ನಿಷೇಧಿತ ವಲಯವೂ ಉಳಿಯಲೇಬೇಕು. ಕಾನೂನನ್ನು ಸಡಿಲಿಸಿ ಎಂಬುದು ಇಲ್ಲಿನ ಬೇಡಿಕೆಯಲ್ಲ. ಕೆಲಸದ ಕ್ರಮ ಬದಲಾಗಬೇಕು. ಮುಂದೆ ಹಂಪಿಯ ಮಹಾಯೋಜನೆ ಪರಿಷ್ಕರಣೆಗೆ ಬಂದಾಗ ವಲಯದ ಬಣ್ಣ ತುಂಬುವ ಮೊದಲು ಪ್ರತಿ ಹಳ್ಳಿಯಲ್ಲೂ ಗ್ರಾಮಸಭೆ ಕೂಡಲಿ. ತೇರಿನ ದಾರಿ, ಕಾಲುವೆ, ಕಟ್ಟೆ, ಬಂಡೆಸಾಲು, ಬೆಟ್ಟದ ನೋಟ, ಸಂತೆಯ ಜಾಗ ಎಲ್ಲವೂ ಊರವರ ಬಾಯಿಂದಲೇ ದಾಖಲಾಗಲಿ. ಯೋಜನಾಧಿಕಾರಿ ಆ ದಾಖಲೆಯನ್ನು ಒಪ್ಪದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಲಿ. ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಪ್ರಾಧಿಕಾರ ಮನಸ್ಸು ಮಾಡಿದರೆ ಸಾಕು.