ಯೋಸೇಫ ಎರಡನೆಯ ಕನಸನ್ನೂ ಹೇಳಿಬಿಟ್ಟ

ದೇವರು ಕೊಟ್ಟ ಕನಸನ್ನು ಯಾರಿಗೂ ಹೇಳಬೇಡ, ಹೇಳಿದರೆ ಗುಂಡಿಗೆ ಬೀಳುತ್ತೀಯೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಂಥ ಬಡಾವಣೆಗಳ ಮನೆಕೂಟಗಳಲ್ಲಿ ಯೋಸೇಫನ ಕಥೆ ಬಂದಾಗ ಬೋಧನೆ ಸಾಮಾನ್ಯವಾಗಿ ಇಲ್ಲಿಗೆ ಬಂದು ನಿಲ್ಲುತ್ತದೆ. ಅದೇ ಕೂಟದಲ್ಲಿ ಸಾಕ್ಷಿ ಹೇಳುವ ಹೊತ್ತು ಬಂದರೆ, ಇನ್ನೂ ಪಿಯುಸಿ ಮುಗಿಸದ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ನಿನಗಾದ ಕರೆ ಏನು ಹೇಳಮ್ಮ ಎನ್ನುತ್ತಾರೆ. ಒಂದು ಕಡೆ ಬಾಯಿ ಮುಚ್ಚು, ಇನ್ನೊಂದು ಕಡೆ ಎಲ್ಲರೆದುರು ಬಿಚ್ಚು. ಎರಡರ ನಡುವೆ ಇರಬೇಕಾದ ವಿವೇಚನೆಯನ್ನು ಕಲಿಸುವವರು ಕಡಿಮೆ. ಆದರೆ ಕಥೆಯೊಳಗೆ ಅದು ಧಾರಾಳವಾಗಿದೆ.

ಈ ಕಥೆಗೂ ಬಳ್ಳಾರಿಗೂ ಹಳೆಯ ನಂಟಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬಂದದ್ದು 1831ರಲ್ಲಿ, ಬಳ್ಳಾರಿಯಲ್ಲೇ. ಇಲ್ಲಿಂದ ಹೊರಟ ಕಥೆಯನ್ನು ಇಲ್ಲಿಯೇ ಅರ್ಧ ಓದಿ ಬಿಡುತ್ತಿದ್ದೇವಲ್ಲ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ.

ಆದಿಕಾಂಡದ 37ನೆಯ ಅಧ್ಯಾಯವನ್ನು ನಿಧಾನವಾಗಿ ನೋಡಬೇಕು. ಹುಡುಗನಿಗೆ 17 ವರ್ಷ. ಕನಸು ಬೀಳುವ ಮೊದಲೇ ಅಣ್ಣಂದಿರ ಮೇಲೆ ಅಪ್ಪನಿಗೆ ಚಾಡಿ ಒಯ್ದಿದ್ದಾನೆ. ಅವನೊಬ್ಬನಿಗೇ ಅಪ್ಪ ವಿಶೇಷ ನಿಲುವಂಗಿ ಹೊಲಿಸಿದ್ದಾನೆ. ಅಣ್ಣಂದಿರು ಅವನೊಡನೆ ಸಮಾಧಾನವಾಗಿ ಮಾತಾಡುವುದನ್ನೇ ಬಿಟ್ಟಿದ್ದಾರೆ. ಅಂಥವರ ಮುಂದೆ ನಿಂತು, ಹೊಲದಲ್ಲಿ ನನ್ನ ಸಿವುಡು ಎದ್ದು ನಿಂತಿತು, ನಿಮ್ಮ ಸಿವುಡುಗಳು ಅಡ್ಡಬಿದ್ದವು ಎನ್ನುತ್ತಾನೆ. ಇದನ್ನು ಮುಗ್ಧತೆ ಎನ್ನೋಣ. ಅವರು ಹಲ್ಲು ಕಡಿದದ್ದನ್ನು ಕಣ್ಣಾರೆ ಕಂಡ ಮೇಲೂ ಸೂರ್ಯ, ಚಂದ್ರ, ಹನ್ನೊಂದು ನಕ್ಷತ್ರಗಳ ಎರಡನೆಯ ಕನಸನ್ನು ಅವರಿಗೇ ಹೇಳಿದನಲ್ಲ, ಅವನು ಎಡವಿದ್ದು ಅಲ್ಲಿ. ಮೊದಲ ಮಾತಿಗೆ ಬಂದ ಉತ್ತರವೇ ಎದುರಿಗಿರುವವರು ಯಾರೆಂದು ತಿಳಿಸಿತ್ತು.

ಎರಡನೆಯ ಸಲ ಅಪ್ಪನೂ ಕೇಳಿಸಿಕೊಂಡ. ಯಾಕೋಬ ಗದರಿಸಿದ, ನಾನೂ ನಿನ್ನ ಅಮ್ಮನೂ ನಿನಗೆ ಅಡ್ಡಬೀಳಬೇಕೇ ಎಂದ. ಆದರೆ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ. ಬೋಧಕರು ಈ ಸಾಲನ್ನು ದಾಟಿಹೋಗುವುದು ನನಗೆ ಬೇಸರದ ಸಂಗತಿ. ಹೊಗಳದೆ, ಹೊಟ್ಟೆಕಿಚ್ಚು ಪಡದೆ, ಮುಖಕ್ಕೆ ಬೈದೂ ಮಾತನ್ನು ಜೋಪಾನ ಮಾಡಿದವನು ಅಲ್ಲಿ ಇವನೊಬ್ಬನೇ. ನಮ್ಮ ಕೂಟಗಳಲ್ಲಿ ಎಲ್ಲಕ್ಕೂ ಆಮೆನ್ ಎನ್ನುವವರನ್ನು ಆಪ್ತರೆಂದು ನಂಬುತ್ತೇವೆ. ಹುಡುಗಿ ಕರೆಯ ಮಾತೆತ್ತಿದಾಗ ಫೀಸು ಯಾರು ಕಟ್ಟುತ್ತಾರೆ, ಓದು ಮುಗಿಯಲು ಎಷ್ಟು ವರ್ಷ ಎಂದು ಕೇಳುವ ಚಿಕ್ಕಪ್ಪನನ್ನು ಅವಿಶ್ವಾಸಿ ಎನ್ನುತ್ತೇವೆ.

ಒಳ್ಳೆಯವರಾದರೆ ಸಾಕೇ? ಅಣ್ಣಂದಿರಲ್ಲೊಬ್ಬನಾದ ರೂಬೇನನನ್ನು ನೋಡಿ. ಹುಡುಗನನ್ನು ಕೊಲ್ಲಬೇಡಿ ಎಂದವನು ಅವನು, ಗುಟ್ಟಾಗಿ ಗುಂಡಿಯಿಂದ ತೆಗೆದು ಅಪ್ಪನಿಗೆ ಒಪ್ಪಿಸಬೇಕೆಂದುಕೊಂಡವನು. ಆದರೆ ಉಳಿದವರು ಯೋಸೇಫನನ್ನು ಇಪ್ಪತ್ತು ಬೆಳ್ಳಿಯ ನಾಣ್ಯಕ್ಕೆ ಮಾರುವ ವ್ಯಾಪಾರ ಕುದುರುವಾಗ ಅವನು ಅಲ್ಲಿರಲಿಲ್ಲ. ಐಗುಪ್ತದ ಪಾನದಾಯಕನೂ ಕೆಟ್ಟವನಲ್ಲ, ಸೆರೆಯಲ್ಲಿ ತನ್ನ ಕನಸಿನ ಅರ್ಥ ಹೇಳಿದವನನ್ನು ಬರೀ ಮರೆತ. ಆ ಮರೆವಿಗೆ ಯೋಸೇಫ ಎರಡು ವರ್ಷ ಸೆರೆಯಲ್ಲಿ ಕೊಳೆತ. ಹಗೆಯವರನ್ನು ಗುರುತಿಸುವುದು ಸುಲಭ. ಒಳ್ಳೆಯ ಮನಸ್ಸಿದ್ದೂ ಹೊತ್ತಿಗೆ ಒದಗದವರನ್ನು ಗುರುತಿಸುವುದು ಕಷ್ಟ.

ಫರೋಹನ ಮುಂದೆ ನಿಂತಾಗ ಯೋಸೇಫನಿಗೆ 30 ವರ್ಷ. ಅಲ್ಲಿ ಅವನು ತನ್ನ ಕನಸನ್ನು ಎತ್ತುವುದೇ ಇಲ್ಲ. ಅರಸನ ಕನಸಿನ ಅರ್ಥ ಹೇಳುತ್ತಾನೆ, ಅದೂ ನನ್ನಿಂದಲ್ಲ, ದೇವರಿಂದ ಎನ್ನುತ್ತಾನೆ. ಆಮೇಲೆ ಲೆಕ್ಕ ಮುಂದಿಡುತ್ತಾನೆ: ಏಳು ಸುಭಿಕ್ಷದ ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲು ಸರ್ಕಾರದ ಕಣಜಕ್ಕೆ ಬರಲಿ. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲದೊಳಗೆ ಹಗೇವು ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಬರಕ್ಕೆ ಕಾದ ಸೀಮೆ ಇದು. 1876–78ರ ಬರದಲ್ಲಿ ಮದ್ರಾಸ್ ಪ್ರಾಂತದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹಸಿದವರಿಗೆ ಕಾಳು ಸಿಗುವ ದಾರಿ ಕಂಡಾಗ ಪರದೇಶದ ಅರಸನೂ ಯೋಸೇಫನನ್ನು ನಂಬಿದ.

ಹಂಪಿಯ ಹರಿಹರನ ಬಸವರಾಜದೇವರ ರಗಳೆಯಲ್ಲೂ ಇಂಥದೇ ನಡೆ ಕಾಣುತ್ತದೆ. ಸಂಗಮನಾಥ ಕನಸಿನಲ್ಲಿ ಬಂದು ಮಂಗಳವಾಡಕ್ಕೆ ಹೋಗು ಎನ್ನುತ್ತಾನೆ. ಸಂಗಮವನ್ನು ಬಿಟ್ಟಿರಲಾರದೆ ಬಸವ ಅಳುತ್ತಾನೆ. ಹೋದ ಊರಿನಲ್ಲಿ ಮೊದಲು ಕಾಣಿಸಿಕೊಳ್ಳುವುದು ಅವನ ದರ್ಶನವಲ್ಲ, ಕರಣಿಕರ ನಡುವೆ ಕೂತು ಮಾಡುವ ಲೆಕ್ಕದ ಕೆಲಸ.

ಯೋಸೇಫನ ಕಥೆಗೆ ಮರಳಿದರೆ, ಕನಸು ಕೇಳಿ ಹಗೆ ಸಾಧಿಸಿದ ಅಣ್ಣಂದಿರನ್ನು ಶಾಶ್ವತವಾಗಿ ಹೊರಗಿಡಬೇಕೇ? ‘ಹೇಳಬೇಡ’ ಎಂಬ ಬೋಧನೆ ನಿಜವಾಗಿ ಸೋಲುವುದು ಈ ಪ್ರಶ್ನೆಯ ಮುಂದೆ. 42ನೆಯ ಅಧ್ಯಾಯದಲ್ಲಿ ಕಾಳು ಕೊಳ್ಳಲು ಬಂದ ಅಣ್ಣಂದಿರು ನೆಲಮುಟ್ಟಿ ಅಡ್ಡಬೀಳುತ್ತಾರೆ. ಯೋಸೇಫನಿಗೆ ಆ ಕನಸುಗಳು ನೆನಪಾಗುತ್ತವೆ. ನಾನು ಅಂದೇ ಹೇಳಿರಲಿಲ್ಲವೇ ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಅವನು ಎನ್ನುವುದಿಲ್ಲ. ಅವರಲ್ಲಿ ಸಿಮೆಯೋನನನ್ನು ಒತ್ತೆ ಇಟ್ಟುಕೊಳ್ಳುತ್ತಾನೆ, ಮುಂದಿನ ಸಲ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಬಟ್ಟಲು ಇಡಿಸುತ್ತಾನೆ. ಇದನ್ನು ಸೇಡು ಎನ್ನುವವರಿದ್ದಾರೆ; ನಾನು ಒಪ್ಪುವುದಿಲ್ಲ. ಅಪ್ಪನ ಮುದ್ದಿನ ಇನ್ನೊಬ್ಬ ಮಗನನ್ನು ಬಿಟ್ಟು ನಡೆಯುವ ಅವಕಾಶ ಕೊಟ್ಟು, ಇವರು ಈಗ ಯಾರಾಗಿದ್ದಾರೆಂದು ನೋಡುತ್ತಿದ್ದಾನೆ. ಆಗ ಮುಂದೆ ಬಂದವನು ಯೆಹೂದ, ಹಿಂದೆ ಮಾರೋಣ ಎಂದು ಬಾಯಿ ತೆರೆದವನೇ. ಹುಡುಗನನ್ನು ಬಿಡಿ, ಅವನ ಬದಲು ನಾನು ಗುಲಾಮನಾಗಿರುತ್ತೇನೆ ಎನ್ನುತ್ತಾನೆ. ಆ ಮಾತು ಕೇಳಿದ ಮೇಲೆಯೇ ಯೋಸೇಫ ಅಳು ತಡೆಯಲಾರದೆ ಆಳುಗಳನ್ನೆಲ್ಲ ಹೊರಗೆ ಕಳಿಸಿ, ನಾನು ಯೋಸೇಫ ಎಂದದ್ದು. ಆಗಲೂ ಅವನು ಸಿವುಡಿನ ಮಾತೆತ್ತಲಿಲ್ಲ. ನಿಮ್ಮ ಪ್ರಾಣ ಉಳಿಸಲು ದೇವರು ನನ್ನನ್ನು ಮುಂದಾಗಿ ಕಳಿಸಿದ ಎಂದು ಹೇಳಿದ.

ಕೂಟ ನಡೆಸುವವರಲ್ಲಿ ನನ್ನದೊಂದೇ ಕೋರಿಕೆ. 37ನೆಯ ಅಧ್ಯಾಯವನ್ನು ಓದಿದ ವಾರವೇ ಯೆಹೂದನ ಮಾತಿರುವ 44ನ್ನೂ ಓದಿ. ಆ ಪಿಯುಸಿ ಹುಡುಗಿಯನ್ನು ಸಭೆಯ ಮುಂದೆ ನಿಲ್ಲಿಸುವ ಮೊದಲು, ಮನೆಯಲ್ಲಿ ನಿನ್ನನ್ನು ಬೈದೂ ನಿನ್ನ ಮಾತು ನೆನಪಿಟ್ಟುಕೊಳ್ಳುವವರು ಯಾರಮ್ಮ ಎಂದು ಕೇಳಿ, ಅವರ ಹತ್ತಿರ ಮೊದಲು ಕಳಿಸಿ.