ಗಂಟು ಇಡುವ ಜಾಗ

2009ರ ಡಿಸೆಂಬರ್ ಕೊನೆಯಲ್ಲಿ ದೆಹಲಿಯ ಪೂಸಾ ರಸ್ತೆಯ ವೃತ್ತದಲ್ಲಿದ್ದ ತಾತ್ಕಾಲಿಕ ರಾತ್ರಿ ತಂಗುದಾಣವೊಂದನ್ನು ಅಲ್ಲಿನ ಪಾಲಿಕೆ ಕೆಡವಿತು. ಮರುವರ್ಷ ಕಾಮನ್‌ವೆಲ್ತ್ ಕ್ರೀಡಾಕೂಟವಿತ್ತು, ಊರು ಚೆಂದ ಕಾಣಬೇಕಿತ್ತು. ಅಲ್ಲಿ ಮಲಗುತ್ತಿದ್ದವರು ಕೊರೆಯುವ ಚಳಿಯಲ್ಲಿ ಬಯಲಿಗೆ ಬಿದ್ದರು, ಸಾವಿನ ಸುದ್ದಿ ಪತ್ರಿಕೆಗಳಿಗೆ ಬಂತು. ದೆಹಲಿ ಹೈಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಆಯುಕ್ತರಾಗಿದ್ದ ಎನ್.ಸಿ. ಸಕ್ಸೇನಾ ಮತ್ತು ಹರ್ಷ್ ಮಂದರ್ ಬರೆದ ಪತ್ರದ ಆಧಾರದ ಮೇಲೆ 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನಗಳೂ ಬಂದವು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ತಂಗುದಾಣ ಇರಬೇಕು, ಅದು ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರಬೇಕು ಎಂಬ ಅಳತೆ ಈ ಪ್ರಕರಣದಿಂದಲೇ ಗಟ್ಟಿಯಾಯಿತು.

ಚಳಿಗೆ ಸತ್ತವರ ಸುದ್ದಿಯಿಂದ ಶುರುವಾದ ಈ ವ್ಯವಸ್ಥೆಯನ್ನು ಚಳಿ ಇನ್ನೂ ಬಿಟ್ಟಿಲ್ಲ. ನವೆಂಬರ್ ಬಂದರೆ ದೆಹಲಿಯಲ್ಲಿ ಚಳಿಗಾಲದ ಕ್ರಿಯಾಯೋಜನೆ ಸಿದ್ಧವಾಗುತ್ತದೆ, ಹೆಚ್ಚುವರಿ ಟೆಂಟು ಏಳುತ್ತವೆ, ಮಂತ್ರಿಗಳು ಕಂಬಳಿ ಹಂಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಮಾರ್ಚ್ ಬಂದರೆ ಟೆಂಟು ಮಡಚಿಕೊಳ್ಳುತ್ತವೆ. ಮೇ ತಿಂಗಳ 45 ಡಿಗ್ರಿ ಬಿಸಿಲಿಗೆ, ಜುಲೈ ಮಳೆಗೆ ಇಷ್ಟು ಗದ್ದಲವಿಲ್ಲ. ಒಂದು ರಾತ್ರಿ ಜೀವ ಉಳಿಸುವುದಷ್ಟೇ ತಂಗುದಾಣದ ಕೆಲಸ ಎಂದುಕೊಂಡರೆ ಇದೆಲ್ಲ ಸರಿಯೆ. ಆ ತಿಳಿವಳಿಕೆಯಲ್ಲೇ ದೋಷವಿದೆ ಎಂಬುದು ನನ್ನ ತಕರಾರು.

ತಮಾಷೆಯೆಂದರೆ, ಕಾಗದದ ಮೇಲೆ ಸರ್ಕಾರಕ್ಕೆ ಇದು ಚೆನ್ನಾಗಿಯೇ ಗೊತ್ತು. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ 2013ರಲ್ಲಿ ಬಂದ ವಸತಿರಹಿತರ ಆಶ್ರಯ ಯೋಜನೆಯ ಮಾರ್ಗಸೂಚಿಯನ್ನು ಓದಿ ನೋಡಬೇಕು. ಸರ್ಕಾರಿ ಮಾರ್ಗಸೂಚಿಯನ್ನು ಮೆಚ್ಚುವ ಸಂದರ್ಭ ವಿಮರ್ಶಕನಿಗೆ ಪದೇಪದೇ ಬರುವುದಿಲ್ಲ, ಆದ್ದರಿಂದ ಬಂದಾಗ ಹೇಳಿಬಿಡಬೇಕು. ತಲೆಗೆ 50 ಚದರ ಅಡಿ ಜಾಗ, ಗಾಳಿಯಾಡುವ ಕೋಣೆ, ಕುಡಿಯುವ ನೀರು, ಸ್ನಾನದ ಮನೆ, ಅಡುಗೆಗೆ ಗ್ಯಾಸ್ ಸಂಪರ್ಕ ಮತ್ತು ಪಾತ್ರೆ, ಸೊಳ್ಳೆ ಕಾಟಕ್ಕೆ ಪರಿಹಾರ, ಒಬ್ಬೊಬ್ಬರಿಗೂ ಬೀಗ ಹಾಕಿಕೊಳ್ಳಬಹುದಾದ ಲಾಕರ್, ಎಂಟೆಂಟು ಗಂಟೆಯ ಪಾಳಿಯಲ್ಲಿ ಮೂವರು ಮೇಲ್ವಿಚಾರಕರು. ಇದರ ಜೊತೆಗೆ ಗುರುತಿನ ಚೀಟಿ, ಪಡಿತರ, ಪಿಂಚಣಿ, ಮಕ್ಕಳ ಶಾಲೆ ಇವಕ್ಕೆಲ್ಲ ತಂಗುದಾಣವೇ ಕೊಂಡಿಯಾಗಬೇಕು. ತಂಗುದಾಣ ಜನ ಕೆಲಸ ಮಾಡುವ ಜಾಗಕ್ಕೆ, ಅಂದರೆ ರೈಲು ನಿಲ್ದಾಣ, ಬಸ್ ನಿಲ್ದಾಣ, ಸಗಟು ಮಾರುಕಟ್ಟೆಗಳಿಗೆ ಹತ್ತಿರವಿರಬೇಕು. ಇದನ್ನು ಬರೆದವರು ಫುಟ್‌ಪಾತ್ ಮೇಲೆ ಬದುಕುವವರ ಜೊತೆ ಕೂತು ಮಾತಾಡಿದ್ದಾರೆ ಎಂಬುದು ಸಾಲುಸಾಲಿನಲ್ಲೂ ಕಾಣುತ್ತದೆ. ಕಾನೂನಿನ ಭಾಷೆಯಲ್ಲಿ 'ಲಾಕರ್' ಎಂಬ ಪದ ಸುಮ್ಮನೆ ಬರುವುದಿಲ್ಲ.

ಯಾಕೆಂದರೆ ಇಡೀ ಸಮಸ್ಯೆ ಕೂತಿರುವುದೇ ಆ ಲಾಕರಿನಲ್ಲಿ. ಫುಟ್‌ಪಾತಿನಲ್ಲಿ ಮಲಗುವವರು ಬಹುಪಾಲು ದುಡಿಯುವವರು. ಹಮಾಲಿಗಳು, ಗಾರೆ ಕೆಲಸದವರು, ಚಿಂದಿ ಆಯುವವರು, ಕೈಗಾಡಿ ತಳ್ಳುವವರು, ಮದುವೆ ಮನೆಗಳಲ್ಲಿ ಪಾತ್ರೆ ತೊಳೆದು ಬಡಿಸುವ ಕೇಟರಿಂಗ್ ಕೆಲಸದವರು. ಇಂಥವರಿಗೆ ಮಲಗಲು ಜಾಗ ಹೇಗೋ ಸಿಗುತ್ತದೆ, ಹಾಸಲು ಒಂದು ರಟ್ಟು ಸಾಕು. ಸಿಗದೇ ಇರುವುದು ಗಂಟು ಇಡುವ ಜಾಗ. ಒಂದು ಜೊತೆ ಬಟ್ಟೆ, ಕಂಬಳಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಆಧಾರ್ ಜೆರಾಕ್ಸು, ಊರಿನವರ ನಂಬರು ಬರೆದ ಚೀಟಿ. ಇದನ್ನು ಹೊತ್ತುಕೊಂಡು ಕೂಲಿಗೆ ಹೋಗಲಾಗದು. ಬಿಟ್ಟು ಹೋದರೆ ಸಂಜೆಗೆ ಇರುವುದಿಲ್ಲ. ಒಂದು ಕಳ್ಳತನದಲ್ಲಿ ಆಧಾರ್ ಹೋಯಿತೆಂದರೆ ಪಡಿತರ ಹೋಯಿತು, ಬ್ಯಾಂಕ್ ಖಾತೆ ಹೋಯಿತು, ಪೊಲೀಸ್ ಕೇಳಿದಾಗ ಇಂಥವನು ಎಂದು ಹೇಳಿಕೊಳ್ಳುವ ದಾರಿಯೂ ಹೋಯಿತು. ಹೀಗಾಗಿ ಗಂಟು ಕಾಯುವುದಕ್ಕೆ ಒಬ್ಬ ಪರಿಚಿತ ಅಂಗಡಿಯವ ಸಿಕ್ಕರೆ ಆತ ಇರುವ ಬೀದಿಯೇ ಇವರ ಮನೆಯಾಗುತ್ತದೆ. ಅಲ್ಲಿಂದ ಎರಡು ಕಿಲೋಮೀಟರ್ ದೂರದ ತಂಗುದಾಣದಲ್ಲಿ ಹಾಸಿಗೆ ಖಾಲಿ ಇದೆಯೆಂದು ಯಾರು ಕರೆದರೂ ಅವರು ಏಳುವುದಿಲ್ಲ. ಸರಿಯಾಗಿಯೇ ಇದೆ ಅವರ ಲೆಕ್ಕ.

ಈಗ ನಡೆಯುತ್ತಿರುವುದನ್ನು ನೋಡೋಣ. ದೆಹಲಿಯ ಬಹಳಷ್ಟು ತಂಗುದಾಣಗಳು ತಗಡಿನ ಪೋರ್ಟಾ ಕ್ಯಾಬಿನ್‌ಗಳು. ಒಳಗೆ ಗೋಡೆಯಿಂದ ಗೋಡೆಗೆ ಜಮಖಾನೆ, ಅದರ ಮೇಲೆ ಸಾಲಾಗಿ ಮಡಿಸಿಟ್ಟ ರಗ್ಗು. ಬಾಗಿಲ ಬಳಿ ಮೇಜು, ಮೇಜಿನ ಮೇಲೆ ರಿಜಿಸ್ಟರು: ಹೆಸರು, ತಂದೆಯ ಹೆಸರು, ವಯಸ್ಸು, ಸಹಿ ಅಥವಾ ಹೆಬ್ಬೆಟ್ಟು. ನಿನ್ನೆ ಸಹಿ ಮಾಡಿದವನೂ ಇವತ್ತು ಮತ್ತೆ ಮಾಡಬೇಕು, ಆ ಪುಸ್ತಕಕ್ಕೆ ಅವನು ದಿನಾಲೂ ಹೊಸಬ. ಆ ರಿಜಿಸ್ಟರಿನ ಮೊತ್ತವೇ ಮೇಲಕ್ಕೆ ಹೋಗಿ, ದೆಹಲಿ ನಗರ ಆಶ್ರಯ ಸುಧಾರಣಾ ಮಂಡಳಿಯ ಜಾಲತಾಣದಲ್ಲಿ ಇಂಥಲ್ಲಿ ಇಷ್ಟು ಸಾಮರ್ಥ್ಯ, ನಿನ್ನೆ ರಾತ್ರಿ ಇಷ್ಟು ಜನ ಎಂಬ ಅಂಕಿಯಾಗುತ್ತದೆ. ಇಷ್ಟು ಪಾರದರ್ಶಕತೆ ನಮ್ಮ ಬೇರೆ ನಗರಗಳಲ್ಲಿ ಕಾಣುವುದಿಲ್ಲ, ಅದಕ್ಕೆ ಮಂಡಳಿಯನ್ನು ಮೆಚ್ಚಬೇಕು. ಆದರೆ ಸಾಮರ್ಥ್ಯ ಎಂಬ ಅಂಕಿಯನ್ನು ಕೊಂಚ ಕೆದಕಬೇಕು. 500 ಚದರ ಅಡಿಯ ಟೆಂಟಿನಲ್ಲಿ ಮಾರ್ಗಸೂಚಿಯ ಪ್ರಕಾರ ಹತ್ತು ಜನ ಇರಬಹುದು. ಮಗ್ಗುಲಿಗೆ ಮಗ್ಗುಲು ತಾಗುವಂತೆ ಜಮಖಾನೆ ಹಾಸಿದರೆ ಇಪ್ಪತ್ತೈದು ಜನರನ್ನು ತೋರಿಸಬಹುದು. ಹಾಗೆ ಮಲಗಿಸಿದ ಮೇಲೆ ಲಾಕರಿಗೆ, ಅಡುಗೆಗೆ, ಹಗಲು ಕೂರಲು ಮೂಲೆ ಉಳಿಯುವುದೆಲ್ಲಿ? ತಲೆ ಎಣಿಸುವ ಆತುರದಲ್ಲಿ ಮೊದಲು ಹೋಗುವುದು ಈ ಮೂರೇ.

ತಂಗುದಾಣವೆಂದರೆ ರಾತ್ರಿ ಕಳೆದು ಹೋಗುವ ಜಾಗ ಎಂಬ ಕಲ್ಪನೆಗೆ ನಮ್ಮಲ್ಲಿ ಹಳೆಯ ಬೇರಿದೆ. ಬೆಂಗಳೂರಿನ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಛತ್ರ ಎಲ್ಲರಿಗೂ ಗೊತ್ತು. ಛತ್ರ ಪರಊರಿನವರಿಗೆ, ಹಿಂತಿರುಗಲು ಒಂದು ಮನೆ ಇರುವವರಿಗೆ. ಎರಡು ದಿನ ಇದ್ದು, ಕೆಲಸ ಮುಗಿಸಿ, ಚಾಪೆ ಮಡಿಸಿಟ್ಟು ಹೊರಡುವವರಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ನಮ್ಮ ಪಾಲಿಕೆಗಳು ತಂಗುದಾಣ ಕಟ್ಟುವಾಗ ಗೊತ್ತಿಲ್ಲದೆಯೇ ಈ ಛತ್ರದ ನಕ್ಷೆಯನ್ನೇ ಇಟ್ಟುಕೊಂಡವು. ಸಂಜೆ ಬನ್ನಿ, ಬೆಳಿಗ್ಗೆ ಹೊರಡಿ, ಬಹಳ ದಿನ ಇರಬೇಡಿ. ಹೊರಡಲು ಊರಿಲ್ಲದವನಿಗೆ ಇದು ದಿನಾಲೂ ಬೆಳಿಗ್ಗೆ ಮಾಡುವ ಗಡೀಪಾರು.

ಸಮಯದ ಲೆಕ್ಕವೂ ಹೀಗೇ ತಪ್ಪುತ್ತದೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ತರಕಾರಿ ಲಾರಿಗಳು ಬರುವುದು ನಡುರಾತ್ರಿ ಕಳೆದ ಮೇಲೆ, ಹೂವಿನ ವ್ಯಾಪಾರ ಬಿಸಿಯೇರುವುದು ನಸುಕಿನಲ್ಲಿ. ಮೂಟೆ ಹೊರುವವನ ದುಡಿಮೆಯ ಹೊತ್ತೇ ಅದು, ಅವನು ಮಲಗಬೇಕಾದದ್ದು ಬೆಳಿಗ್ಗೆ ಹತ್ತರ ಮೇಲೆ. ಮದುವೆ ಸೀಸನ್ನಿನಲ್ಲಿ ಕೇಟರಿಂಗ್ ಹುಡುಗರು ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವಾಗ ರಾತ್ರಿ ಒಂದಾಗಿರುತ್ತದೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಬೆಳಿಗ್ಗೆ ಗುಡಿಸಲು ಎಬ್ಬಿಸುವ ತಂಗುದಾಣದಿಂದ ಇವರಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ನ್ಯಾಯಾಲಯ ಹೇಳಿದ 24 ಗಂಟೆಯಲ್ಲಿ ಹಗಲಿನ ಪಾಲು ಇರುವುದು ಇವರಿಗಾಗಿಯೇ. ಆ ಪಾಲೇ ಮೊದಲು ಬಿದ್ದುಹೋಗುತ್ತದೆ, ಏಕೆಂದರೆ ಹಗಲಿನ ಪಾಳಿಗೆ ಇನ್ನೊಬ್ಬ ಮೇಲ್ವಿಚಾರಕನ ಸಂಬಳ ಬೇಕು.

ಹೆಂಗಸರ ಕಥೆ ಇನ್ನೂ ಬಿಗಿ. ಒಂಟಿ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಶುರುವಾದ ವ್ಯವಸ್ಥೆಯಲ್ಲಿ ಅವರ ಕೇಂದ್ರಗಳು ಕಡಿಮೆ. ಇರುವ ಕಡೆ ಗಂಡನಿಗೆ ಪ್ರವೇಶವಿಲ್ಲ, ಬೆಳೆದ ಮಗನಿಗೆ ಪ್ರವೇಶವಿಲ್ಲ. ಅವಳ ಸುರಕ್ಷತೆಗಾಗಿ ಎಂದು ಮಾಡಿದ ನಿಯಮ ಸಂಸಾರವನ್ನು ಎರಡು ಬಾಗಿಲಿಗೆ ಹಂಚುತ್ತದೆ. ಹಂಚಿಕೊಳ್ಳಲು ಒಪ್ಪದ ಕುಟುಂಬ ಫ್ಲೈಓವರಿನ ಕೆಳಗೆ ಸೀರೆ ಕಟ್ಟಿ ಮರೆ ಮಾಡಿಕೊಂಡು ಒಟ್ಟಿಗಿರುತ್ತದೆ. ಮೈಮೇಲೆ ಬೀಳುವವನಿಂದ ಕಾಯಲು ಪಕ್ಕದಲ್ಲಿ ಗಂಡನೋ ಅಣ್ಣನೋ ಇರಬೇಕು ಎಂಬುದು ಬೀದಿಯಲ್ಲಿ ಬದುಕಿದ ಹೆಣ್ಣಿಗೆ ಗೊತ್ತು. ನಿಯಮ ಬರೆದವರಿಗೆ ಇದು ಹೊಳೆಯಲಿಲ್ಲ.

ಬೆಂಗಳೂರಿಗೆ ಬಂದರೆ ಇದೇ ಪ್ರಶ್ನೆಗೆ ಬೇರೆಯದೇ ಕಹಿಯಿದೆ. ಇಲ್ಲಿ ಕೊಲ್ಲುವ ಚಳಿಯಿಲ್ಲ, ಆದ್ದರಿಂದ ತುರ್ತೂ ಇಲ್ಲ. 2011ರ ಜನಗಣತಿಯ ಪ್ರಕಾರ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಲಕ್ಷಕ್ಕೊಂದರ ಲೆಕ್ಕದಲ್ಲಿ 84 ತಂಗುದಾಣ ಇರಬೇಕಿತ್ತು, ಆ ಸಂಖ್ಯೆಯ ಹತ್ತಿರಕ್ಕೂ ನಗರ ಸುಳಿಯಲಿಲ್ಲ. ಆದರೆ ಬೆಂಗಳೂರಿನ ನಿಜವಾದ ತೊಡಕು ಸಂಖ್ಯೆಯದಲ್ಲ. ಮನೆಯಿರುವವರು ಆಸ್ತಿ ತೆರಿಗೆ ಕಟ್ಟುವಾಗ ರಸೀದಿಯನ್ನು ಒಮ್ಮೆ ನೋಡಿ, ಉಪಕರಗಳ ಸಾಲಿನಲ್ಲಿ 'ಭಿಕ್ಷುಕರ ಕರ' ಎಂದಿರುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ತೆರಿಗೆಯ ಮೇಲೆ ಶೇ. 3ರಂತೆ ಕಟ್ಟುವ ಹಣ ಅದು. ಹಾಗೆ ಕಟ್ಟಿದ್ದೂ ಪೂರ್ತಿ ಸಂದಾಯವಾಗದೆ ಬಾಕಿ ಉಳಿದ ಸುದ್ದಿ ಆಗಾಗ ಬರುತ್ತಿರುತ್ತದೆ, ಅದಿರಲಿ. ಆ ಕಾಯ್ದೆಯ ವ್ಯಾನು ಬೀದಿಯಿಂದ ಜನರನ್ನು ಎತ್ತಿಕೊಂಡು ಹೋಗುವುದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ. 2010ರ ಆಗಸ್ಟಿನಲ್ಲಿ ಅದೇ ಕೇಂದ್ರದಲ್ಲಿ ವಾಂತಿಭೇದಿಯಿಂದ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಹೀಗಿರುವಾಗ ಮೆಜೆಸ್ಟಿಕ್‌ನ ಕಂಬದ ಕೆಳಗೆ ಮಲಗಿದವನ ಮುಂದೆ ರಾತ್ರಿ ಒಂದು ಗಾಡಿ ನಿಂತು, ಸರ್ಕಾರದವರು ಬಂದಿದ್ದೇವೆ, ನಮ್ಮ ಜೊತೆ ಬನ್ನಿ, ಇರಲು ಜಾಗ ಕೊಡುತ್ತೇವೆ ಎಂದರೆ ಅವನು ಏನೆಂದುಕೊಳ್ಳಬೇಕು? ಹಿಡಿಯುವ ಗಾಡಿಯೂ ಸರ್ಕಾರದ್ದೇ, ಕರೆಯುವ ಗಾಡಿಯೂ ಸರ್ಕಾರದ್ದೇ. ಕತ್ತಲಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ದೆಹಲಿಯಲ್ಲಿ 2018ರ ಆಗಸ್ಟಿನಲ್ಲಿ ಅಲ್ಲಿನ ಹೈಕೋರ್ಟ್ ಭಿಕ್ಷೆ ಬೇಡುವುದನ್ನು ಅಪರಾಧವಾಗಿಸುವ ಕಲಮುಗಳನ್ನು ರದ್ದುಮಾಡಿತು. ನಮ್ಮ ಕಾಯ್ದೆ ಇನ್ನೂ ಗಟ್ಟಿಯಾಗಿ ನಿಂತಿದೆ. ಅದು ಇರುವ ತನಕ ಬೆಂಗಳೂರಿನ ತಂಗುದಾಣಕ್ಕೆ ಎಷ್ಟೇ ಸುಣ್ಣಬಣ್ಣ ಹೊಡೆಸಿದರೂ ಅರ್ಧ ಜನ ಹೊಸ್ತಿಲು ದಾಟುವುದಿಲ್ಲ. ಈ ತಂಗುದಾಣಗಳನ್ನು ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ನಡೆಸುವ ಸಂಸ್ಥೆಗಳ ಕೆಲಸಗಾರರು ಮೊದಲ ಭೇಟಿಯಲ್ಲಿ ಯಾರನ್ನೂ ಗಾಡಿ ಹತ್ತಿಸದೆ, ಟೀ ಕುಡಿಸಿ ಮಾತಾಡಿ ಬರುವುದು ಈ ಅನುಮಾನವನ್ನು ಬಲ್ಲವರ ಜಾಣತನ. ಇಡೀ ವ್ಯವಸ್ಥೆಯಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು ಈ ಟೀ.

ಇಷ್ಟೆಲ್ಲ ಗೊತ್ತಿದ್ದೂ ಅಧಿಕಾರಿಗಳ ಬಾಯಲ್ಲಿ ಸದಾ ಒಂದೇ ಮಾತು: ಹಾಸಿಗೆ ಖಾಲಿ ಇವೆ, ಜನವೇ ಬರುವುದಿಲ್ಲ. ಖಾಲಿ ಹಾಸಿಗೆ ಅವರ ಕೈಯಲ್ಲಿ ಸೋಮಾರಿತನದ ಸಾಕ್ಷಿಯಾಗುತ್ತದೆ. 2025ರ ಫೆಬ್ರವರಿಯಲ್ಲಿ ವಸತಿರಹಿತರ ಪ್ರಕರಣದ ವಿಚಾರಣೆ ನಡೆಯುವಾಗಲೇ, ಪುಕ್ಕಟೆ ಕೊಡುಗೆಗಳಿಂದಾಗಿ ಜನ ದುಡಿಯಲು ಸಿದ್ಧರಿಲ್ಲ ಎಂಬ ಅರ್ಥದ ಮಾತು ಸುಪ್ರೀಂ ಕೋರ್ಟಿನ ಪೀಠದಿಂದಲೇ ಬಂತು. ನಸುಕಿನಲ್ಲಿ ನೂರು ಮೂಟೆ ಇಳಿಸಿದವನ ಕೇಸಿನಲ್ಲಿ ಈ ಮಾತು! ಹದಿನೈದು ವರ್ಷ ಇದೇ ಜನರ ಪರವಾಗಿ ಆದೇಶದ ಮೇಲೆ ಆದೇಶ ಕೊಟ್ಟು, 2016ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿಯನ್ನೇ ನೇಮಿಸಿ, ಕೇಂದ್ರದ ಹಣ ರಾಜ್ಯಗಳಲ್ಲಿ ಖರ್ಚಾಗದೆ ಉಳಿದಿದೆ ಎಂದು ಗದರಿದ ನ್ಯಾಯಾಲಯವೂ ಇದೇ ಎಂಬುದು ವಿಚಿತ್ರ.

ತಗಡು ಮತ್ತು ಟೆಂಟಿನ ಬಗ್ಗೆ ಇನ್ನೊಂದು ಮಾತಿದೆ. ತುರ್ತು ಎಂದು ಕಟ್ಟಿದ್ದನ್ನು ಕೆಡವುವುದಕ್ಕೂ ತುರ್ತು ಸಾಕು. 2023ರ ಫೆಬ್ರವರಿಯಲ್ಲಿ ದೆಹಲಿಯ ಸರಾಯ್ ಕಾಲೇ ಖಾನ್‌ನಲ್ಲಿದ್ದ ತಂಗುದಾಣವನ್ನು ನೆಲಸಮ ಮಾಡಿದರು. ಆಗ ಊರು ಜಿ20 ಶೃಂಗಸಭೆಗೆ ಸಿಂಗಾರಗೊಳ್ಳುತ್ತಿತ್ತು. ತಂಗುದಾಣದ ವಿಳಾಸದ ಮೇಲೆ ಗುರುತಿನ ಚೀಟಿ ಮಾಡಿಸಿಕೊಂಡವರ ಪಾಡು ಇಂಥ ಸಂದರ್ಭದಲ್ಲಿ ಏನಾಗುತ್ತದೆ ಎಂದು ಯೋಚಿಸಿ. ಚುನಾವಣಾ ಆಯೋಗ ಮನೆಯಿಲ್ಲದವರನ್ನೂ ಮತದಾರರ ಪಟ್ಟಿಗೆ ಸೇರಿಸುತ್ತದೆ. ಮತಗಟ್ಟೆ ಅಧಿಕಾರಿ ರಾತ್ರಿ ಬಂದು, ಆತ ಅರ್ಜಿಯಲ್ಲಿ ಹೇಳಿದ ಜಾಗದಲ್ಲೇ ಮಲಗುತ್ತಾನೆಯೇ ಎಂದು ನೋಡಿಕೊಂಡು ಹೋಗುತ್ತಾರೆ. ಇದು ಒಳ್ಳೆಯ ನಿಯಮವೇ. ಆದರೆ ಆ ಜಾಗವನ್ನೇ ಜೆಸಿಬಿ ಎತ್ತಿಕೊಂಡು ಹೋದ ಮೇಲೆ ಅಧಿಕಾರಿ ಬಂದು ನೋಡುವುದು ಯಾರನ್ನು?

ಈ ಎಲ್ಲ ಟೀಕೆಯ ನಡುವೆ, ತಂಗುದಾಣವೇ ಬೇಡ, ಎಲ್ಲರಿಗೂ ಮನೆ ಕೊಡಿ ಎನ್ನುವವರ ಜೊತೆ ನಾನಿಲ್ಲ. ಮನೆ ಬೇಕು, ಸರಿ. ಆದರೆ ಜಿಲ್ಲೆ ಬಿಟ್ಟು ಕೂಲಿಗೆ ಬಂದವನು, ಗಂಡನ ಹೊಡೆತ ತಾಳದೆ ರಾತ್ರೋರಾತ್ರಿ ಹೊರಬಿದ್ದವಳು, ಆಸ್ಪತ್ರೆಯಿಂದ ಬಿಡುಗಡೆಯಾಗಿ ಹೋಗಲು ಕಡೆಯಿಲ್ಲದ ಮುದುಕ, ಇವರಿಗೆ ಇವತ್ತೇ ಒಂದು ಬಾಗಿಲು ಬೇಕು. ಬಾಡಿಗೆ ಕೋಣೆ ಸಿಗುವ ಮುಂಚಿನ ಆರು ತಿಂಗಳಿಗೂ ಬೇಕು. 2013ರ ಯೋಜನೆ ಕಾಗದದಲ್ಲಿ ಬಯಸಿದ್ದು ಇಂಥ ಜಾಗವನ್ನೇ. ಆ ಅಭಿಯಾನದ ಅವಧಿ 2024ರ ಸೆಪ್ಟೆಂಬರಿಗೆ ಮುಗಿಯಿತು. ನಗರ ಬಡತನ ನಿವಾರಣೆಗೆ ಹೊಸ ಅಭಿಯಾನ ಸಿದ್ಧವಾಗುತ್ತಿದೆ, ವಸತಿರಹಿತರ ಆಶ್ರಯವೂ ಅದರಲ್ಲಿ ಸೇರಲಿದೆ ಎಂದು ಕೇಂದ್ರ ಸರ್ಕಾರ 2025ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಹೊಸ ಕರಡು ಬರೆಯುವವರು ಹಳೆಯದರಲ್ಲಿ ಹೆಚ್ಚೇನೂ ತಿದ್ದಬೇಕಿಲ್ಲ. ಪರಿಶೀಲನೆಗೆ ಹೋಗುವ ಅಧಿಕಾರಿಯ ನಮೂನೆಯಲ್ಲಿ 'ರಾತ್ರಿ ಮಲಗಿದವರ ಸಂಖ್ಯೆ' ಎಂಬ ಕಾಲಮಿನ ಪಕ್ಕ ಎರಡು ಕಾಲಮು ಸೇರಿಸಿದರೆ ಸಾಕು: ಮಧ್ಯಾಹ್ನ ಎರಡು ಗಂಟೆಗೆ ಒಳಗಿದ್ದವರು ಎಷ್ಟು, ಬೀಗ ಬಿದ್ದ ಲಾಕರುಗಳು ಎಷ್ಟು.