ಹೊರಗಿನಿಂದ ನೋಡುವ ತೋಟ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬರುವ ನಮ್ಮ ಮುಂಬಯಿಯ ಕನ್ನಡಿಗರಲ್ಲಿ ಕೆಲವರಾದರೂ ನ್ಯೂಯಾರ್ಕಿನ ಫ್ರಿಕ್ ಸಂಗ್ರಹಾಲಯವನ್ನು ಕಂಡಿರಬಹುದು. 2019ರ ಬೇಸಿಗೆಯಲ್ಲಿ ನಾನು ಅದನ್ನು ಕಂಡದ್ದು ಮಾತ್ರ ಹೊರಗಿನಿಂದ. ಹತ್ತು ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ಮೊಮ್ಮಗನಿಗೆ ಆಗ ಏಳು. ಹಗ್ಗವನ್ನಾಗಲಿ ಗಾಜನ್ನಾಗಲಿ ಅಡ್ಡವಿಡದೆ, ಮನೆಯಲ್ಲಿಟ್ಟಂತೆಯೇ ಬಹುಪಾಲು ವಸ್ತುಗಳನ್ನು ಇಟ್ಟಿರುವ ಜಾಗಕ್ಕೆ ಆ ನಿಯಮ ಸರಿಯಾದದ್ದೇ. ತಾಯಿ ಮಗಳು ಒಳಗೆ ಹೋದರು, ಅಜ್ಜ ಮೊಮ್ಮಗ ಎಪ್ಪತ್ತನೆಯ ಬೀದಿಯಲ್ಲಿ ಉಳಿದೆವು.

ಪಕ್ಕದಲ್ಲೇ ಕಬ್ಬಿಣದ ಸರಳುಗಳ ಆಚೆ ಒಂದು ತೋಟವಿತ್ತು. ನಡುವೆ ಆಯತಾಕಾರದ ಕೊಳ, ಅದರಲ್ಲಿ ನೈದಿಲೆ, ಸುತ್ತ ಹುಲ್ಲು, ಸಣ್ಣ ಜಲ್ಲಿಯ ಹಾದಿ, ಅಲ್ಲೊಂದು ಇಲ್ಲೊಂದು ಮರ. ಒಳಗೆ ನರಪಿಳ್ಳೆಯೂ ಇರಲಿಲ್ಲ. "ಅಜ್ಜಾ, ಒಳಗೆ ಯಾರೂ ಯಾಕೆ ಆಡ್ತಾ ಇಲ್ಲ?" ಎಂದು ಹುಡುಗ ಕೇಳಿದ. ಅದು ಆಡುವ ತೋಟವಲ್ಲ, ಬೀದಿಯಲ್ಲಿ ನಿಂತು ನೋಡಲಿಕ್ಕೆಂದೇ ಮಾಡಿದ ತೋಟ. ಇಂಗ್ಲೆಂಡಿನ ರಸೆಲ್ ಪೇಜ್ 1977ರಲ್ಲಿ ಅದನ್ನು ರೂಪಿಸಿದ. ಹಾದಿಹೋಕನನ್ನು ಮನಸ್ಸಿನಲ್ಲಿಟ್ಟುಕೊಂಡು ಇಷ್ಟು ದುಬಾರಿ ನೆಲವನ್ನು ಖಾಲಿ ಬಿಡುವುದೆಂದರೆ ಮುಂಬಯಿಯಲ್ಲಿ ಬದುಕು ಸವೆಸಿದ ನನ್ನಂಥವನಿಗೆ ನಂಬಲಿಕ್ಕೆ ತುಸು ಕಷ್ಟವೇ ಆಯಿತು.

ಈ ತೋಟಕ್ಕಾಗಿ ನಡೆದ ಜಗಳದ ವಿಷಯ ತಿಳಿದದ್ದು ಅಂದಿನ ರಾತ್ರಿ, ಮಗಳು ಹೇಳಿದಾಗ.

ಹೆನ್ರಿ ಕ್ಲೇ ಫ್ರಿಕ್ ಕೋಕ್ ಮತ್ತು ಉಕ್ಕಿನ ವ್ಯವಹಾರದಲ್ಲಿ ಕೋಟಿಗಟ್ಟಲೆ ಗಳಿಸಿದವನು. 1892ರ ಹೋಮ್‌ಸ್ಟೆಡ್ ಮುಷ್ಕರದಲ್ಲಿ ಕಾರ್ಮಿಕರ ಮೇಲೆ ಖಾಸಗಿ ಬಂದೂಕುಧಾರಿಗಳನ್ನು ಕಳುಹಿಸಿದವನೂ ಇವನೇ. ಹೀಗೆ ಬಂದ ಹಣದಿಂದ ಕೊಂಡ ಬೆಲ್ಲಿನಿ, ಹೋಲ್ಬೈನ್, ವರ್ಮೀರ್ ಚಿತ್ರಗಳ ಸಮೇತ ತನ್ನ ಬಂಗಲೆಯನ್ನು ಸಾರ್ವಜನಿಕರಿಗೆ ಬಿಟ್ಟು 1919ರಲ್ಲಿ ತೀರಿಕೊಂಡ. ಜಾನ್ ರಸೆಲ್ ಪೋಪ್ ಎಂಬ ವಾಸ್ತುಶಿಲ್ಪಿ ಮನೆಯನ್ನು ವಿಸ್ತರಿಸಿದ ಮೇಲೆ 1935ರಲ್ಲಿ ಬಾಗಿಲು ತೆರೆಯಿತು. ನ್ಯೂಯಾರ್ಕಿನ ದೈತ್ಯ ಸಂಗ್ರಹಾಲಯಗಳ ನಡುವೆ ಇದರ ಹಿರಿಮೆ ಇದರ ಕಿರಿತನದಲ್ಲಿಯೇ ಇದೆ. ಬೆಳೆಯಬೇಕೆಂಬ ಆಸೆ ಹುಟ್ಟಿದಾಗ ತೊಡಕು ಬಂದದ್ದೂ ಇದರಿಂದಲೇ.

2014ರಲ್ಲಿ ಆಡಳಿತದವರು ತೋಟವನ್ನು ತೆಗೆದು ಅಲ್ಲಿ 106 ಅಡಿ ಎತ್ತರದ ಕಟ್ಟಡ ಎಬ್ಬಿಸುವ ಯೋಜನೆ ಪ್ರಕಟಿಸಿದರು. ಅವರ ಕೊರತೆಗಳು ಸುಳ್ಳಲ್ಲ: ಪ್ರದರ್ಶನಕ್ಕೆ ಜಾಗವಿಲ್ಲ, ಶಾಲಾಮಕ್ಕಳಿಗೆ ಪಾಠ ಹೇಳಲು ಕೋಣೆಯಿಲ್ಲ, ಚಿತ್ರಗಳನ್ನು ಸರಿಪಡಿಸುವವರಿಗೆ ಕುಳಿತುಕೊಳ್ಳಲು ಎಡೆಯಿಲ್ಲ. ಆದರೆ ಅವರು ಕೊಟ್ಟ ಇನ್ನೊಂದು ಕಾರಣ ಅವರನ್ನೇ ಮುಳುಗಿಸಿತು. ತೋಟವೆಂಬುದು ಮೊದಲಿನಿಂದಲೂ ತಾತ್ಕಾಲಿಕವೇ ಆಗಿತ್ತು, ಮುಂದೆಂದಾದರೂ ಕಟ್ಟಲೆಂದು ಇಟ್ಟುಕೊಂಡ ನೆಲವದು ಎಂದರು. ವಿರೋಧಿಗಳು ಹಳೆಯ ಕಡತಗಳಿಂದ ಸಂಸ್ಥೆಯದೇ 1977ರ ಪತ್ರಿಕಾ ಪ್ರಕಟಣೆಯನ್ನು ಹೊರತೆಗೆದರು. ಅದರಲ್ಲಿ ತೋಟ ಶಾಶ್ವತವೆಂದೇ ಅಚ್ಚಾಗಿತ್ತು! 2015ರ ಜೂನ್‌ನಲ್ಲಿ ಯೋಜನೆ ಹಿಂದಕ್ಕೆ ಹೋಯಿತು.

ವಿರೋಧಿಸಿದವರೆಲ್ಲ ಆ ಕೇರಿಯ ಸಿರಿವಂತರು, ತಮ್ಮ ಕಿಟಕಿಯ ನೋಟ ಕೆಡದಿರಲೆಂದು ಗದ್ದಲವೆಬ್ಬಿಸಿದರು ಎಂಬ ಟೀಕೆ ಆಗ ಬಂತು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ನಗರಗಳಲ್ಲಿ ಯಾವುದಾದರೂ ಉಳಿದಿದ್ದರೆ ಅದು ಎದುರುಮನೆಯವರ ಸ್ವಾರ್ಥದಿಂದಲೇ ಅಲ್ಲವೆ? ಎದುರಿಗೆ ಕಟ್ಟಡವೆದ್ದ ಮೇಲೆ ನಮ್ಮ ಚಾಳಿನ ಗ್ಯಾಲರಿಗೆ ಬಿಸಿಲು ಬರುವುದೇ ನಿಂತುಹೋದದ್ದನ್ನು ಕಂಡವನು ನಾನು. ನಮ್ಮ ಸ್ವಾರ್ಥಕ್ಕೆ ವಕೀಲರನ್ನಿಡುವ ಚೈತನ್ಯವಿರಲಿಲ್ಲ, ಅಷ್ಟೇ. ಮೇಲಾಗಿ ಹೋರಾಟಕ್ಕೆ ಕೇರಿಯವರಷ್ಟೇ ಅಲ್ಲ, ಕಲಾವಿದರೂ ವಾಸ್ತುಶಿಲ್ಪಿಗಳೂ ದನಿಗೂಡಿಸಿದ್ದರು. ಇನ್ನೊಂದು ತಮಾಷೆಯೆಂದರೆ, ಪಾರಂಪರಿಕವೆಂದು ಇವರೆಲ್ಲ ಕಾಪಾಡಿದ ಈ ತೋಟವೇ ಹಳೆಯ ಮನೆಗಳನ್ನು ಕೆಡವಿ ಮಾಡಿದ್ದು.

ನನ್ನ ತಕರಾರು ಬೇರೆ. 2018ರ ಜೂನ್‌ನಲ್ಲಿ ನಗರದ ಸ್ಮಾರಕ ಸಂರಕ್ಷಣಾ ಆಯೋಗ ಎರಡನೆಯ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅನಾಬೆಲ್ ಸೆಲ್ಡಾರ್ಫ್ ಎಂಬ ವಾಸ್ತುಶಿಲ್ಪಿಯ ಈ ನಕ್ಷೆಯಲ್ಲಿ ತೋಟ ಉಳಿಯಿತು, ಬದಲಿಗೆ ಪೋಪ್ ಕಟ್ಟಿದ್ದ ದುಂಡನೆಯ ಸಂಗೀತದ ಕೋಣೆ ಹೋಯಿತು. 1938ರಿಂದ ಅಲ್ಲಿ ಕಚೇರಿಗಳು ನಡೆದಿದ್ದವು. ಅದನ್ನು ಉಳಿಸಬೇಕೆಂದವರೂ ಇದ್ದರು, ಒಳಾಂಗಣಕ್ಕೂ ಸ್ಮಾರಕದ ರಕ್ಷಣೆ ಕೊಡಿರೆಂದು ಕೇಳಿದರು. ಸಿಗಲಿಲ್ಲ. 1973ರಲ್ಲಿ ಆ ಮನೆಗೆ ಸ್ಮಾರಕದ ಪಟ್ಟ ಸಿಕ್ಕಿದ್ದು ಹೊರಮೈಗೆ ಮಾತ್ರ. ಬೀದಿಗೆ ಕಾಣುವುದಕ್ಕೆ ಇಡೀ ಬೀದಿ ಸಾಕ್ಷಿಯಾಗಿ ನಿಲ್ಲುತ್ತದೆ. ಒಳಕೋಣೆಯ ಬೆಲೆಯನ್ನು ಬಲ್ಲವರು ಅಲ್ಲಿ ಕುಳಿತು ಕೇಳಿದ ಒಂದಿಷ್ಟು ಮಂದಿ. ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ. ಮೊದಲ ಸುತ್ತಿನಲ್ಲಿ ಗೆದ್ದವರು ಅಷ್ಟು ಸುಲಭವಾಗಿ ಸಮಾಧಾನಪಟ್ಟುಕೊಳ್ಳಬಾರದಿತ್ತು.

ಐದು ವರ್ಷ ಮುಚ್ಚಿದ್ದ ಆ ಮನೆ 2025ರ ಏಪ್ರಿಲ್‌ನಲ್ಲಿ ತೆರೆದ ಬಳಿಕ ಮತ್ತೊಮ್ಮೆ ಹೋಗುವ ಅವಕಾಶ ಬಂತು. ಮೊಮ್ಮಗನಿಗೆ ಈಗ ಹದಿಮೂರು, ಟಿಕೆಟ್ ತೆಗೆದು ಒಳಗೇ ಹೋದೆವು. ಮೆಚ್ಚಬೇಕಾದುದನ್ನು ಮೆಚ್ಚಲೇಬೇಕು. ಈವರೆಗೆ ಸಾರ್ವಜನಿಕರು ಕಾಣದಿದ್ದ ಮೇಲಂತಸ್ತಿನಲ್ಲಿ, ಫ್ರಿಕ್‌ನ ಸಂಸಾರ ಮಲಗಿ ಎದ್ದ ಕೋಣೆಗಳಲ್ಲಿ, ಸಣ್ಣ ಚಿತ್ರಗಳನ್ನು ಹತ್ತಿರದಿಂದ ನೋಡುವ ಸುಖವೇ ಬೇರೆ. ಅಮೃತಶಿಲೆಯ ಹೊಸ ಮೆಟ್ಟಿಲುಗಳೂ ಸೊಗಸಾಗಿವೆ. ಶ್ರೀಮಂತ ಹೋಟೆಲೊಂದರ ನೆನಪು ಬರದೆ ಇರಲಿಲ್ಲ. ಆದರೆ ಸಂಗೀತದ ಕೋಣೆಯಿದ್ದ ಜಾಗದಲ್ಲಿ ತಾತ್ಕಾಲಿಕ ಪ್ರದರ್ಶನದ ಕೋಣೆಗಳಿವೆ. ಚೊಕ್ಕಟವಾಗಿವೆ, ಬೆಳಕು ಚೆನ್ನಾಗಿದೆ. ಅಂಥ ಕೋಣೆಗಳನ್ನು ಬೇರೆ ಊರುಗಳಲ್ಲೂ ನೋಡಿದ್ದೇನೆ.

ಸಂಗೀತಕ್ಕೀಗ 218 ಆಸನಗಳ ಹೊಸ ಸಭಾಂಗಣವಿದೆ. ಅದನ್ನು ಕಟ್ಟಿರುವುದು ನೆಲದಡಿಯಲ್ಲಿ, ಆ ತೋಟದ ಕೆಳಗೇ. ಮೇಲೆ ತೋಟವನ್ನು ಮತ್ತೆ ನೆಟ್ಟು ಬೆಳೆಸಿದ್ದಾರೆ. ಹೊರಬಂದು ಸರಳು ಹಿಡಿದು ನಿಂತಾಗ, ಇದೇ ತೋಟ ತಾನೆ ಎಂದು ಮೊಮ್ಮಗ ಕೇಳಿದ. ಹೌದೆಂದೆ.